ಫಿಲ್ಟರ್ ಹಿಡಿದ ವಿಷ ಕೊನೆಗೆ ಎಲ್ಲಿಗೆ ಹೋಗುತ್ತದೆ?

ಅಡಿಕೆ_ಪೆರ್ಲ:
ನಮ್ಮದು ಕಾಸರಗೋಡಿನ ಎಣ್ಮಕಜೆ ಪಂಚಾಯತ್, ಸ್ವರ್ಗ ಎಂಬ ಊರಿನ ಹತ್ತಿರ. ಗುಡ್ಡದ ಮೇಲೆ ಗೇರು ತೋಟ, ಕೆಳಗೆ ಕುಡಿಯುವ ನೀರಿಗೆ ಗುಡ್ಡಕ್ಕೆ ಅಡ್ಡ ಕೊರೆದ ನಮ್ಮ ಸುರಂಗ. ಆ ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿಯುವುದು 2000ದಲ್ಲೇ ನಿಂತಿತು. ಆದರೂ ಅಮ್ಮ ಇವತ್ತಿಗೂ ಕುದಿಸದ ನೀರನ್ನು ಮಕ್ಕಳಿಗೆ ಕೊಡುವುದಿಲ್ಲ. ಮೊನ್ನೆ ಫಿಲ್ಟರ್ ಮಾರುವವರು ಬಂದು ಟಿಡಿಎಸ್ ಮೀಟರ್ ಅದ್ದಿ, ನೀರು ಚೊಕ್ಕ ಉಂಟು ಎಂದರು. ಅದನ್ನು ನಂಬಬಹುದಾ? ಈಗ ಪಿಎಫ್‌ಎಎಸ್ ಎಂಬ ಫ್ಲೋರಿನ್ ರಾಸಾಯನಿಕಗಳ ಸುದ್ದಿ ಬೇರೆ. ಕುದಿಸಿದರೆ ಇವು ಹೋಗುತ್ತವಾ? ಫಿಲ್ಟರ್ ಹಾಕಿದರೆ ಅದು ಹಿಡಿದ ವಿಷ ಏನಾಗುತ್ತದೆ?

ನೀರು_ಲ್ಯಾಬ್:
ಅಣ್ಣ, ಆ ಮೀಟರ್ ಕರಗಿದ ಉಪ್ಪಿನ ಅಂದಾಜು ಕೊಡುತ್ತದೆ, ಅಷ್ಟೇ. ಕುಡಿಯುವ ನೀರಿನಲ್ಲಿ ಎಂಡೋಸಲ್ಫಾನ್‌ಗೆ ನಮ್ಮ ದೇಶದ ಮಿತಿ ಲೀಟರಿಗೆ 0.4 ಮೈಕ್ರೋಗ್ರಾಂ. ಅದನ್ನು ನೋಡಲು ಗ್ಯಾಸ್ ಕ್ರೊಮಟೋಗ್ರಾಫ್ (ರಾಸಾಯನಿಕಗಳನ್ನು ಬೇರೆ ಬೇರೆ ಮಾಡಿ ಅಳೆಯುವ ಯಂತ್ರ) ಇರುವ ಲ್ಯಾಬೇ ಬೇಕು. ಮೊದಲು ಪರೀಕ್ಷೆ ಮಾಡಿಸಿ. ನೀರನ್ನು ಗಾಜಿನ ಬಾಟಲಿಯಲ್ಲಿ ಒಯ್ಯಿರಿ. ಎಂಡೋಸಲ್ಫಾನ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಮಣ್ಣು ಕೆಸರು ಹಿಡಿದು ಕೂರುತ್ತದೆ. ಹಾಗಾಗಿ ತೋಡಿನ ಕೆಸರನ್ನೂ ನೋಡಿಸಿದರೆ ಒಳ್ಳೆಯದು. ಆ್ಯಕ್ಟಿವೇಟೆಡ್ ಕಾರ್ಬನ್‌ಗೆ (ಫಿಲ್ಟರಿನಲ್ಲಿ ತುಂಬುವ ಇದ್ದಿಲು) ಇದು ಚೆನ್ನಾಗಿ ಅಂಟುತ್ತದೆ.

ಪಿಎಫ್‌ಎಎಸ್ ಹಟ ಬೇರೆಯದು. ಕಾರ್ಬನ್–ಫ್ಲೋರಿನ್ ಬಂಧ ಸುಲಭಕ್ಕೆ ಮುರಿಯುವುದಿಲ್ಲ. ಕುದಿಸಿದರೆ ನೀರು ಆವಿಯಾಗುತ್ತದೆ, ಅದು ಪಾತ್ರೆಯಲ್ಲೇ ಉಳಿಯುತ್ತದೆ. ಇವುಗಳಲ್ಲಿ ಅಣುವಿನ ಸರಪಳಿ ಉದ್ದ ಇರುವವನ್ನು ಇದ್ದಿಲಿನ ಕಾರ್ಬನ್ ಹಿಡಿಯುತ್ತದೆ, ಗಿಡ್ಡವು ಬೇಗ ನುಸುಳುತ್ತವೆ. ಆರ್‌ಒ (ನೀರನ್ನು ಒತ್ತಡದಿಂದ ತೆಳು ಪೊರೆಯಲ್ಲಿ ಸೋಸುವ ಫಿಲ್ಟರ್) ಎರಡನ್ನೂ ಬಹುಪಾಲು ತಡೆಯುತ್ತದೆ. ಆದರೆ ಅದರ ಹೊರಪೈಪಿನ ನೀರಲ್ಲಿ ಎಲ್ಲ ಒಟ್ಟಾಗಿ ಹೋಗುತ್ತದೆ. ಆ ಪೈಪನ್ನು ತೋಟಕ್ಕೆ ಬಿಡುವ ಮನೆಗಳೇ ಜಾಸ್ತಿ. ನನಗೆ ಸಂಕಟ ಆಗುವುದು ಅಲ್ಲೇ. ನೀರಿನಿಂದ ತೆಗೆದದ್ದನ್ನು ನಾಶ ಮಾಡುವವರೆಗೆ ಕೆಲಸ ಅರ್ಧವೇ ಅಲ್ವಾ?

ನಾಶ ಮಾಡುವ ದಾರಿ ಇದೆ. ನೀರನ್ನು 374 ಡಿಗ್ರಿ ದಾಟಿಸಿ, ವಾತಾವರಣದ ಇನ್ನೂರಿಪ್ಪತ್ತು ಪಟ್ಟಿನಷ್ಟು ಒತ್ತಡದಲ್ಲಿ ಆಮ್ಲಜನಕ ಕೊಟ್ಟರೆ ಇವು ಒಡೆದು ಫ್ಲೋರೈಡ್ ಆಗುತ್ತವೆ. ಬೋರಾನ್ ಬೆರೆತ ವಜ್ರದ ಎಲೆಕ್ಟ್ರೋಡ್ ಇಟ್ಟು ಕರೆಂಟ್ ಹಾಯಿಸಿಯೂ ಒಡೆಯುತ್ತಾರೆ. 2022ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ಕಾಸ್ಟಿಕ್ ಸೋಡಾ ಮತ್ತು ಡಿಎಂಎಸ್‌ಒ ಎಂಬ ದ್ರಾವಕ ಬೆರೆಸಿ, ಸುಮಾರು ನೂರು ಡಿಗ್ರಿಯಲ್ಲೇ ಇವುಗಳ ಒಂದು ಗುಂಪನ್ನು ಒಡೆದರು. ಯಾವುದೂ ಮನೆಯಲ್ಲಿ ಆಗುವ ಕೆಲಸವಲ್ಲ.

ಕುಂಬಳೆಯಿಂದ:
ಹಳೆ ಕಾರ್ಬನ್ ಬಚ್ಚಲೊಲೆಗೆ ಹಾಕಿದರೆ ಸುಟ್ಟು ಹೋಗುವುದಿಲ್ವಾ?

ನೀರು_ಲ್ಯಾಬ್:
ಬೇಡ ಅಕ್ಕ. ಪಿಎಫ್‌ಎಎಸ್ ಪೂರ್ತಿ ಮುರಿಯಲು ಸಾವಿರ ಡಿಗ್ರಿಗೂ ಮೇಲೆ ಬೇಕು. ಒಲೆ ಬೆಂಕಿಗೆ ಹೊಗೆಯ ಜೊತೆ ಮೇಲೆದ್ದು ನಿಮ್ಮ ಅಂಗಳಕ್ಕೇ ಇಳಿಯುತ್ತದೆ. ಗೊಬ್ಬರದ ಗುಂಡಿಗೂ ಹಾಕಬೇಡಿ. ಚೀಲದಲ್ಲಿ ಕಟ್ಟಿಟ್ಟು, ಮನೆಮನೆಯಿಂದ ಕಸ ಒಯ್ಯುವ ಹರಿತ ಕರ್ಮ ಸೇನೆಯವರು ಬಂದಾಗ ಇದು ಫಿಲ್ಟರಿನದ್ದು ಎಂದು ಹೇಳಿ ಬೇರೆಯಾಗಿ ಕೊಡಿ. ಎಲ್ಲಿಗೆ ಕಳಿಸುತ್ತಾರೆ ಎಂದು ಪಂಚಾಯತಿನಲ್ಲಿ ಲಿಖಿತವಾಗಿ ಕೇಳಿ.

ಅಡಿಕೆ_ಪೆರ್ಲ:
ಸದ್ಯ ಫಿಲ್ಟರ್ ಬೇಡ ಎಂದೆ. ಸುರಂಗದ ನೀರು, ತೋಡಿನ ಕೆಸರು ಎರಡನ್ನೂ ಕೊಡುತ್ತೇನೆ. ಕೆಸರಿಗೂ ಗಾಜಿನ ಬಾಟಲಿಯೇ ಆಗಬೇಕಾ?

ನೀರು_ಲ್ಯಾಬ್:
ಹೌದು, ಅಗಲ ಬಾಯಿಯದ್ದು. ಪಿಎಫ್‌ಎಎಸ್ ನೋಡಿಸುವುದಾದರೆ ಮಾತ್ರ ಗಾಜು ಬೇಡ, ಲ್ಯಾಬಿನವರು ಕೊಡುವ ಪ್ಲಾಸ್ಟಿಕ್ ಬಾಟಲಿ ತನ್ನಿ.