ಮಗ್ಗುಲು ಬದಲಿಸಿದರೆ ತಲೆಸುತ್ತು: ಮನೆಯಲ್ಲಿ ಎಪ್ಲಿ ಚಿಕಿತ್ಸೆ ಮಾಡಿದರೂ ಕಡಿಮೆಯಾಗುತ್ತಿಲ್ಲ, ಎಲ್ಲಿ ತಪ್ಪುತ್ತಿದೆ?

ಬಿಳಿಗಿರಿ:
ಅಮ್ಮನಿಗೆ 62 ವರ್ಷ. ಎಂಟು ದಿನದಿಂದ ಬಲ ಮಗ್ಗುಲಿಗೆ ಹೊರಳಿದರೆ, ಅಟ್ಟದ ಕಡೆ ಕತ್ತೆತ್ತಿದರೆ ಮನೆಯೇ ಗಿರ್ರನೆ ತಿರುಗಿದಂತಾಗುತ್ತದೆ. ಅರ್ಧ ನಿಮಿಷದೊಳಗೆ ನಿಲ್ಲುತ್ತದೆ. ಕಿವಿ ಚೆನ್ನಾಗಿ ಕೇಳಿಸುತ್ತದೆ, ಬಿಪಿ, ಶುಗರ್ ಸರಿಯಿವೆ. ಇಎನ್‌ಟಿ ಡಾಕ್ಟರು ಮಲಗಿಸಿ ಪರೀಕ್ಷಿಸಿ ಬಲಗಿವಿಯ ಬಿಪಿಪಿವಿ (ತಲೆಯ ಭಂಗಿ ಬದಲಾದಾಗ ಬರುವ ಒಳಕಿವಿಯ ತಲೆಸುತ್ತು) ಎಂದರು. ತಲೆಯನ್ನು ಹಂತಹಂತವಾಗಿ ತಿರುಗಿಸುವ ಎಪ್ಲಿ ವಿಧಾನವನ್ನು ಒಮ್ಮೆ ಮಾಡಿ, ಮನೆಯಲ್ಲೂ ಮಾಡಿ ಎಂದು ಹೇಳಿ, ಬೀಟಾಹಿಸ್ಟಿನ್ ಎಂಬ ತಲೆಸುತ್ತಿನ ಮಾತ್ರೆ ಬರೆದುಕೊಟ್ಟರು. ಮೂರು ದಿನ ಮಾಡಿಸಿದೆವು, ಸುತ್ತು ಹಾಗೇ ಇದೆ. ಕತ್ತಿನ ಎಕ್ಸ್‌ರೇಯಲ್ಲಿ ಸವೆತ ಕಂಡಿದೆ, ಅದರಿಂದಲೇ ತಲೆಸುತ್ತು ಅನ್ನುತ್ತಾರೆ ನೆಂಟರು. ನಿಜವೇ?

ಒಳಕಿವಿ:
ಈ ವಯಸ್ಸಿನಲ್ಲಿ ಎಕ್ಸ್‌ರೇ ತೆಗೆದರೆ ಹೆಚ್ಚಿನವರ ಕತ್ತಿನಲ್ಲಿ ಸವೆತ ಕಾಣುತ್ತದೆ. ಹೊರಳಿದಾಗ ಮಾತ್ರ ಬಂದು ನಿಮಿಷದೊಳಗೆ ನಿಲ್ಲುವ ಸುತ್ತು ಒಳಕಿವಿಯದು.

ಒಳಕಿವಿಯ ಒಂದು ಚೀಲದಲ್ಲಿ ಲೋಳೆಯಂಥ ಪದರದ ಮೇಲೆ ಸಣ್ಣ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳುಗಳು ಅಂಟಿಕೊಂಡಿರುತ್ತವೆ. ಅವು ಕಳಚಿ ಅರೆವೃತ್ತ ನಾಳಕ್ಕೆ, ಬಹುಪಾಲು ಹಿಂಬದಿಯ ನಾಳಕ್ಕೆ, ಇಳಿಯುತ್ತವೆ. ತಲೆ ವಾಲಿಸಿದಾಗ ಹರಳು ಜಾರಿ ಒಳಗಿನ ದ್ರವವನ್ನು ಎಳೆಯುತ್ತದೆ, ತಲೆ ತಿರುಗುತ್ತಿದೆ ಎಂಬ ಸುಳ್ಳು ಸಂದೇಶ ಮೆದುಳಿಗೆ ಹೋಗುತ್ತದೆ. ಹರಳು ಜಾರಲು ಕೆಲವು ಸೆಕೆಂಡ್ ಬೇಕು, ಅದಕ್ಕೇ ಮಲಗಿದ ತಕ್ಷಣ ಅಲ್ಲದೆ ತುಸು ತಡೆದು ಸುತ್ತು ಶುರುವಾಗುತ್ತದೆ.

ಹರಳನ್ನು ಬಂದ ದಾರಿಯಲ್ಲೇ ವಾಪಸು ಚೀಲಕ್ಕೆ ಉರುಳಿಸುವುದೇ ಎಪ್ಲಿ. ಅಮೆರಿಕದ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ವಿಧಾನ ಇದು. ಬಲಗಿವಿಗೆ ಹೀಗೆ:

ಮಂಚದ ಮೇಲೆ ಕಾಲು ಚಾಚಿ ಕೂರಿಸಿ. ಮಲಗಿದಾಗ ಭುಜದ ಕೆಳಗೆ ಬರುವಂತೆ ದಿಂಬು ಇಡಿ, ತಲೆಯ ಕೆಳಗಲ್ಲ. ಮುಖವನ್ನು ಬಲಕ್ಕೆ 45 ಡಿಗ್ರಿ ತಿರುಗಿಸಿ, ಹಾಗೇ ಬೇಗನೆ ಹಿಂದಕ್ಕೆ ಮಲಗಿಸಿ. ತಲೆ ದಿಂಬಿನಾಚೆ 20 ಡಿಗ್ರಿಯಷ್ಟು ಕೆಳಗೆ ಬಾಗಿರಲಿ. ಸುತ್ತು ನಿಂತ ಮೇಲೂ ಅರ್ಧ ನಿಮಿಷ ಕಾಯಿರಿ. ತಲೆ ಎತ್ತದೆ ಮುಖವನ್ನು ಎಡಕ್ಕೆ 90 ಡಿಗ್ರಿ ಹೊರಳಿಸಿ, ಒಂದು ನಿಮಿಷ. ಈಗ ಮೈಯನ್ನೂ ಎಡ ಮಗ್ಗುಲಿಗೆ ಹೊರಳಿಸಿ, ಮೂಗು ಓರೆಯಾಗಿ ನೆಲದ ಕಡೆ ಬರುವವರೆಗೆ. ಮತ್ತೊಂದು ನಿಮಿಷ. ಗದ್ದವನ್ನು ಎದೆಗೆ ಒತ್ತಿಕೊಂಡೇ ಪಕ್ಕದಿಂದ ಎಬ್ಬಿಸಿ ಕೂರಿಸಿ.

ಏಳುವಾಗ ಮತ್ತೆ ಸುತ್ತು ಬರಬಹುದು, ಕೈ ಬಿಡಬೇಡಿ.

ಫಿಸಿಯೋ ಅಕ್ಕ:
ಸಾಮಾನ್ಯವಾಗಿ ತಪ್ಪುವುದು ಮೂರು ಕಡೆ. ದಿಂಬು ತಲೆಯ ಕೆಳಗೇ ಉಳಿದು ಕತ್ತು ಹಿಂದಕ್ಕೆ ಬಾಗದಿರುವುದು: ಆಗ ಹರಳು ನಾಳದ ತಿರುವು ದಾಟುವುದಿಲ್ಲ. ಎಡಕ್ಕೆ ಮುಖ ತಿರುಗಿಸುವಾಗ ಹೆದರಿ ತಲೆ ಎತ್ತಿಬಿಡುವುದು: ಅರ್ಧ ದಾರಿ ಬಂದ ಹರಳು ಹಿಂದಕ್ಕೆ ಜಾರುತ್ತದೆ. ಕೊನೆಯದು, ಮೂಗು ನೆಲ ನೋಡುವಷ್ಟು ಹೊರಳದೆ ಬರೀ ಗೋಡೆ ನೋಡುತ್ತಾ ಮಲಗುವುದು. ಇದನ್ನು ಮೊದಲು ನೋಡಿ, ಬಹಳ ಮಂದಿ ಇಲ್ಲೇ ಅರೆಬರೆ ಬಿಡುತ್ತಾರೆ.

ಕಣ್ಣು ಮುಚ್ಚಿಸಬೇಡಿ. ಮೊದಲ ಭಂಗಿಯಲ್ಲಿ ಕಣ್ಣುಗುಡ್ಡೆ ಹಣೆಯ ಕಡೆಗೆ ಎಗರುತ್ತಾ ಬಲಗಿವಿಯತ್ತ ತಿರುಚಿದಂತೆ ಅದುರಬೇಕು. ಅದು ಪೂರ್ತಿ ನಿಂತಿತೆಂದರೆ ಹರಳು ನಿಂತಿದೆ, ಮುಂದಿನ ಭಂಗಿಗೆ ಹೋಗಬಹುದು. ಫೋನಿನಲ್ಲಿ ಕಣ್ಣಿನ ವಿಡಿಯೋ ತೆಗೆದಿಟ್ಟರೆ ಡಾಕ್ಟರಿಗೂ ಅನುಕೂಲ. ಊಟವಾಗಿ ಎರಡು ಗಂಟೆ ಕಳೆದ ಮೇಲೆ ಮಾಡಿಸಿ, ಪಕ್ಕದಲ್ಲಿ ಪಾತ್ರೆ ಇರಲಿ, ವಾಂತಿ ಬರುವುದುಂಟು. ಇಡೀ ಕ್ರಮವನ್ನು ಎರಡು ಮೂರು ಬಾರಿ ಮಾಡಿ.

ಕತ್ತು ಬಾಗಿಸಿದರೆ ನೋವು, ಕೈಗೆ ಜೋಮು ಬಂದರೆ ಎಪ್ಲಿ ಬೇಡ. ಹರಳು ಸರಿಪಡಿಸುವ ಇನ್ನೊಂದು ವಿಧಾನವಾದ ಸೆಮಾಂಟ್‌ನಲ್ಲಿ ಕತ್ತು ಹಿಂದಕ್ಕೆ ಬಾಗಿಸುವುದೇ ಇಲ್ಲ, ಅದನ್ನು ಡಾಕ್ಟರಿಂದಲೇ ಮಾಡಿಸಿ. ಕತ್ತಿಗೆ ಇತ್ತೀಚೆಗೆ ಆಪರೇಷನ್ ಆದವರು, ಕಣ್ಣಿನ ರೆಟಿನಾ ಕಳಚಿದವರು ಮನೆಯಲ್ಲಿ ಯಾವುದನ್ನೂ ಮಾಡಬಾರದು.

ಬಿಳಿಗಿರಿ:
ತುಂಬಾ ಧನ್ಯವಾದ ಅಕ್ಕ. ದಿಂಬು ತಲೆಯ ಕೆಳಗೇ ಇಟ್ಟಿದ್ದೆವು. ಇನ್ನೊಂದು ಮಾತು: ನಿನ್ನೆಯಿಂದ ಎಡಕ್ಕೆ ಹೊರಳಿದರೂ ಸುತ್ತು ಬರುತ್ತಿದೆ, ಮೊದಲಿಗಿಂತ ಜೋರಾಗಿ.

ಒಳಕಿವಿ:
ಹಾಗಾದರೆ ಸದ್ಯ ಎಪ್ಲಿ ನಿಲ್ಲಿಸಿ. ಹರಳು ಹಿಂಬದಿಯ ನಾಳ ಬಿಟ್ಟು ಅಡ್ಡ ನಾಳಕ್ಕೆ ಜಾರಿರಬಹುದು, ಮಧ್ಯೆ ತಲೆ ಎತ್ತಿದಾಗ ಹೀಗಾಗುವುದುಂಟು. ಎರಡೂ ಕಡೆ ಹೊರಳಿದಾಗ ಬರುವುದು, ಹೆಚ್ಚು ಜೋರಾಗಿರುವುದು ಅದರ ಲಕ್ಷಣ. ಅದಕ್ಕೆ ಎಪ್ಲಿ ಕೆಲಸ ಮಾಡುವುದಿಲ್ಲ, ಮೈಯನ್ನು ಹಂತಹಂತವಾಗಿ ಸುತ್ತಲೂ ಹೊರಳಿಸುವ ಬೇರೆ ವಿಧಾನ ಇದೆ. ಯಾವ ಕಡೆಗೆ ಹೊರಳಿಸಬೇಕೆಂದು ಕಣ್ಣಿನ ಅದುರುವಿಕೆ ನೋಡಿಯೇ ತೀರ್ಮಾನಿಸಬೇಕು. ಅದೇ ಡಾಕ್ಟರ ಬಳಿ ಒಂದೆರಡು ದಿನದಲ್ಲಿ ಕರೆದುಕೊಂಡು ಹೋಗಿ.

ಆದರೆ ಮಾತು ತೊದಲಿದರೆ, ಎರಡೆರಡು ಕಂಡರೆ, ಕೈಕಾಲಲ್ಲಿ ಬಲ ಕುಂದಿದರೆ, ಹಿಡಿದರೂ ನಿಲ್ಲಲಾಗದಿದ್ದರೆ, ಹಿಂದೆಂದೂ ಇಲ್ಲದ ತಲೆನೋವು ಬಂದರೆ ಅದು ಹರಳಿನ ಕಥೆಯಲ್ಲ, ಪಾರ್ಶ್ವವಾಯು ಇರಬಹುದು. ಆಗ ಇಎನ್‌ಟಿ ಕ್ಲಿನಿಕ್ಕಿಗಲ್ಲ, ತಕ್ಷಣ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ.

ಔಷಧಶಾಲೆ:
ಮಾತ್ರೆಯ ಬಗ್ಗೆ: ಬೀಟಾಹಿಸ್ಟಿನ್ ಹರಳನ್ನು ಕದಲಿಸುವುದಿಲ್ಲ. ಸಿನಾರಿಜಿನ್, ಪ್ರೋಕ್ಲೋರ್‌ಪೆರಜಿನ್ ವಾಕರಿಕೆಗೆ ಒಂದೆರಡು ದಿನ ಸರಿ. ತಿಂಗಳುಗಟ್ಟಲೆ ನುಂಗಿದರೆ ವಯಸ್ಸಾದವರಿಗೆ ಮಂಪರು, ನಡುಕ, ಬೀಳುವ ಅಪಾಯ. ಮೆದುಳು ಸಮತೋಲನಕ್ಕೆ ಹೊಂದಿಕೊಳ್ಳುವುದೂ ತಡವಾಗುತ್ತದೆ. ಎಷ್ಟು ದಿನ ಎಂದು ಬರೆದವರನ್ನೇ ಕೇಳಿ, ಚೀಟಿ ತೋರಿಸಿ ಮತ್ತೆ ಮತ್ತೆ ಕೊಳ್ಳಬೇಡಿ.

ಹರಳು ಸರಿಹೋದ ಮೇಲೂ ಕೆಲವು ದಿನ ತೇಲಿದಂತೆ ಅನ್ನಿಸುವುದು ಸಹಜ, ಮನೆಯೊಳಗೆ ನಡೆದಾಡಿಸಿ. ಕೂತೇ ಮಲಗಬೇಕೆಂಬ ಹಳೆಯ ಪಥ್ಯ ಈಗ ಬೇಕಿಲ್ಲ. ಇದು ಮರುಕಳಿಸುವ ತೊಂದರೆ, ಹಾಗಾಗಿ ಮುಂದಿನ ಭೇಟಿಯಲ್ಲಿ ವಿಟಮಿನ್ ಡಿ ಪರೀಕ್ಷೆ ಕೇಳಿ. 2020ರಲ್ಲಿ ಪ್ರಕಟವಾದ ದಕ್ಷಿಣ ಕೊರಿಯಾದ ದೊಡ್ಡ ಅಧ್ಯಯನದಲ್ಲಿ, ಕೊರತೆ ಇದ್ದವರಿಗೆ ವಿಟಮಿನ್ ಡಿ, ಕ್ಯಾಲ್ಸಿಯಂ ಕೊಟ್ಟಾಗ ಮರುಕಳಿಸುವುದು ಕಡಿಮೆಯಾಗಿತ್ತು. ಅಲ್ಲಿಯವರೆಗೆ ರಾತ್ರಿ ಬಚ್ಚಲಿಗೆ ಏಳುವ ಮುನ್ನ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂರಲಿ, ದಾರಿಯಲ್ಲಿ ಸಣ್ಣ ದೀಪ ಉರಿಯುತ್ತಿರಲಿ.