ಸಹಾಯ ಬೇಕು: ಕಲಬುರಗಿಯ ಮನೆಯೊಳಗೆ ಕಲಾಥಿಯಾವೋ, ಅಗ್ಲೋನಿಮಾವೋ?

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ನಮ್ಮ ಮನೆಯ ಉತ್ತರದ ಕಿಟಕಿಯ ಬಳಿ ಒಂದು ಎಲೆಗಿಡ ಇಡಬೇಕೆಂದಿದ್ದು, ಕಲಾಥಿಯಾ ಮತ್ತು ಅಗ್ಲೋನಿಮಾಗಳಲ್ಲಿ ಯಾವುದೆಂದು ನಿರ್ಧರಿಸಲಾಗುತ್ತಿಲ್ಲ. ಅಮೆರಿಕ ಖಂಡದ ಮಳೆಕಾಡುಗಳ ನೆರಳಿನಲ್ಲಿ ಬೆಳೆಯುವ ಕಲಾಥಿಯಾಕ್ಕೆ ಗಾಳಿಯಲ್ಲಿ ಸದಾ ತೇವಾಂಶವಿರಬೇಕು. ಇಲ್ಲಿಯೋ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಒಣ ಬಿಸಿ, ಮೇಲಾಗಿ ಬೋರ್‌ವೆಲ್‌ನ ಗಡಸು ನೀರು, ಇವುಗಳಿಂದಾಗಿ ಕಳೆದ ವರ್ಷ ತಂದ ಗಿಡದ ಎಲೆಯಂಚುಗಳೆಲ್ಲ ಕಂದಾಗಿ ಸುರುಟಿಹೋದವು, ಆ ನೋವು ಇನ್ನೂ ಇದೆ. ಅಗ್ಲೋನಿಮಾ ಅಷ್ಟು ನಾಜೂಕಲ್ಲ, ಮೇಲ್ಮಣ್ಣು ಒಣಗಿದ ನಂತರ ನೀರುಣಿಸಿದರೆ ಸಾಕು. ಆದರೆ ಅದರ ಎಲೆಗಳಲ್ಲಿ ಬಾಯಿ ಉರಿಸುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ, ಮನೆಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಒಂದೂವರೆ ವರ್ಷದ ಮೊಮ್ಮಗಳಿದ್ದಾಳೆ. ಕಲಾಥಿಯಾದಲ್ಲಿ ಆ ಭಯವಿಲ್ಲ. ನಮ್ಮ ಭಾಗದ ಬೇಸಿಗೆಯಲ್ಲಿ ಅದನ್ನು ಉಳಿಸಿಕೊಂಡವರು ಯಾವ ನೀರು ಹಾಕಿದಿರಿ, ಕೂಲರ್ ಇರುವ ಕೋಣೆಯಲ್ಲಿಟ್ಟದ್ದರಿಂದ ಅನುಕೂಲವಾಯಿತೇ ಎಂಬುದನ್ನು ದಯವಿಟ್ಟು ತಿಳಿಸಬೇಕಾಗಿ ವಿನಂತಿ.