ಹಿಂದಿನ ಬರೆಯ (ಕಡಿದ ಗುಡ್ಡದ ಬದಿಯ) ತಡೆಗೋಡೆ: ಭಾನುವಾರ ಎಲ್ಲರೂ ಬನ್ನಿ

3ನೇ ಮನೆ: ಎಲ್ಲರಿಗೂ ನಮಸ್ಕಾರ. ನಿನ್ನೆ ಸುರಿದದ್ದು ಒಂದೇ ಗಂಟೆ ಮಳೆ. ನಮ್ಮ ಹಿಂದಿನ ಹೊಸ ತಡೆಗೋಡೆಯ ಬುಡದಲ್ಲಿ ಕೆಂಪು ನೀರು ಜಿನುಗುತ್ತಿದೆ. ಹನ್ನೆರಡು ಅಡಿ ಗೋಡೆಗೆ ನೀರು ಹೋಗಲು ಒಂದು ಪೈಪೂ ಇಲ್ಲ. ನಡುವೆ ಬಿರುಕು ಬಿಟ್ಟಿದೆ, ಐದು ರೂಪಾಯಿ ನಾಣ್ಯ ತೂರುತ್ತದೆ. ಮುಂಗಾರಿಗೆ ಮೂರು ವಾರ ಅಷ್ಟೇ.

ಮೇಲಿನ ಸೈಟ್: ಅಕ್ಕ, ಕಟ್ಟಿಸಿದ್ದು ನಾನೇ. ತೂತು ಬಿಟ್ಟರೆ ಗೋಡೆ ಸಡಿಲ ಆಗುತ್ತೆ ಅಂತ ಮೇಸ್ತ್ರಿ ಹೇಳಿದರು. ಸಾಲ ಮಾಡಿ ಕಟ್ಟಿಸಿದ್ದೇನೆ, ಗ್ರೂಪಲ್ಲಿ ಹೀಗೆ ಹಾಕಿದರೆ ಬೇಜಾರಾಗುತ್ತದೆ.

7ನೇ ಮನೆ: ಬೇಜಾರಾಗಬೇಡಿ ಸರ್. ನಾನು ಮೂವತ್ತು ವರ್ಷ ಇಂಜಿನಿಯರ್ ಆಗಿದ್ದವನು. ಗೋಡೆಯನ್ನು ತಳ್ಳುವುದು ಮಣ್ಣು ಮಾತ್ರ ಅಲ್ಲ, ಅದರ ಹಿಂದೆ ನಿಂತ ನೀರು ಕೂಡ. ನೀರು ತುಂಬಿದಷ್ಟೂ ಒತ್ತಡ ಜಾಸ್ತಿ. ಅದಕ್ಕೇ ಗೋಡೆಯಲ್ಲಿ ಸಾಲಾಗಿ ತೂತು ಬಿಟ್ಟು, ಹಿಂದೆ ಜಲ್ಲಿ ತುಂಬಬೇಕು. ಬೆಟ್ಟ ಪ್ರದೇಶದ ತಡೆಗೋಡೆಗೆ ಅಂತಲೇ ಐಎಸ್ 14458 ಅನ್ನುವ ಭಾರತೀಯ ಮಾನದಂಡ ಇದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಇದೆ. ಆದರೆ ಆ ಸಂಹಿತೆ ತಾನಾಗೇ ಕಾನೂನಲ್ಲ. ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ತನ್ನ ನಿಯಮಕ್ಕೆ ಸೇರಿಸಿಕೊಂಡರೆ ಮಾತ್ರ ಕಡ್ಡಾಯ. ಕಾನೂನು ಸುಮ್ಮನಿದ್ದರೂ ನೀರು ಸುಮ್ನಿರಲ್ಲ, ಅಲ್ವಾ?

9ನೇ ಮನೆ: 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿತಲ್ಲ, ನಮ್ಮ ನೆಂಟರು ಉಟ್ಟ ಬಟ್ಟೆಯಲ್ಲೇ ಬಂದಿದ್ದರು. ಇವತ್ತಿಗೂ ಜೋರು ಮಳೆ ಬಂದರೆ ಅಮ್ಮ ಹಿಂದಿನ ಕೋಣೆಯಲ್ಲಿ ಮಲಗುವುದಿಲ್ಲ. ದಯವಿಟ್ಟು ಇದನ್ನು ಜಗಳ ಮಾಡಬೇಡಿ, ಸರಿ ಮಾಡಿಸೋಣ.

12ನೇ ಮನೆ: 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಪ್ರಕಾರ ಮನೆ ಕಟ್ಟುವ ಮೊದಲೇ ನಗರಸಭೆ ಪರವಾನಗಿ ಬೇಕು. ಪ್ಲಾನಿನಲ್ಲಿ ಬರೆ ಅಗೆಯುವುದು, ತಡೆಗೋಡೆ ತೋರಿಸಿದ್ದಾರಾ, ಯಾವ ಇಂಜಿನಿಯರ್ ಸಹಿ ಇದೆ, ಇದನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಉತ್ತರಕ್ಕೆ 30 ದಿನ ಗಡುವು. ಜೀವಕ್ಕೆ ಸಂಬಂಧಿಸಿದ್ದಾದರೆ 48 ಗಂಟೆ. ನಮ್ಮದು ಜೀವದ ವಿಷಯವೇ ಅಂತ ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯೋಣ.

7ನೇ ಮನೆ: ಅಷ್ಟರಲ್ಲಿ ಒಂದು ಕೆಲಸ. ಬಿರುಕಿಗೆ ಅಡ್ಡವಾಗಿ ತೆಳು ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಸಿಮೆಂಟ್ ಮೆತ್ತಿದ್ದೇನೆ. ಬಿರುಕು ಬೆಳೆದರೆ ಗಾಜು ಒಡೆಯುತ್ತದೆ. ಮಕ್ಕಳನ್ನು ಆ ಕಡೆ ಬಿಡಬೇಡಿ.

(ಎರಡು ದಿನದ ನಂತರ)

3ನೇ ಮನೆ: ಗಾಜು ಒಡೆದಿದೆ.

ಮೇಲಿನ ಸೈಟ್: ನಾನೂ ನೋಡಿದೆ ಅಕ್ಕ. ಮೇಲೆ ಕೆಲಸ ನಿಲ್ಲಿಸಿದ್ದೇನೆ. ಗೋಡೆ ಹಿಂದಿನ ಮಣ್ಣಿಗೆ ಟಾರ್ಪಾಲ್ ಹೊದಿಸಿ, ಮಳೆ ನೀರು ಬೇರೆ ಕಡೆ ಹೋಗಲು ಚರಂಡಿ ತೋಡಿಸುತ್ತಿದ್ದೇನೆ. ಇಂಜಿನಿಯರ್ ಭಾನುವಾರ ಎಂಟಕ್ಕೆ ಬರುತ್ತಾರೆ. 7ನೇ ಮನೆ ಸರ್, ನೀವೂ ಇರಲೇಬೇಕು.

9ನೇ ಮನೆ: ಅಕ್ಕ, ಅಲ್ಲಿವರೆಗೆ ರಾತ್ರಿ ನಮ್ಮ ಮನೆಗೇ ಬಂದು ಮಲಗಿ. ಅಮ್ಮ ಹಾಸಿಗೆ ಹಾಕಿಟ್ಟಿದ್ದಾರೆ.

12ನೇ ಮನೆ: ಅರ್ಜಿಗೆ ಒಂಬತ್ತು ಸಹಿ ಆಗಿದೆ. ಉಳಿದವರು ಸಂಜೆಯೊಳಗೆ ಬಂದು ಹಾಕಿ.